ಬೂದಿ ಎಲ್ಲಿ ಸುರೀತೀರಮ್ಮಾ?

ನಮ್ಮ ಕಡೆ ಮಟ್ಟೆ, ಅಂದರೆ ತೆಂಗಿನಕಾಯಿಯ ನಾರಿನ ಸಿಪ್ಪೆ, ಸುಟ್ಟ ಹೊಗೆ ಬಂದರೆ ಯಾರೂ ತಲೆ ಎತ್ತಿ ನೋಡುವುದಿಲ್ಲ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ, ಯಾವ ದಿಕ್ಕಿಗೆ ಹೋದರೂ ತೆಂಗೇ. ಸ್ನಾನಕ್ಕೆ ನೀರು ಕಾಯುವುದು ಮಟ್ಟೆಯಲ್ಲಿ, ಕೊಟ್ಟಿಗೆಯಲ್ಲಿ ಸೊಳ್ಳೆ ಓಡಿಸುವುದು ಮಟ್ಟೆಯಲ್ಲಿ. ಹಾಗಾಗಿ 2019ರ ಮಾರ್ಚ್‌ನಲ್ಲಿ, ಯುಗಾದಿಗೆ ಇನ್ನು ಹದಿನೈದು ದಿನ ಇದೆ ಅನ್ನುವಾಗ, ಮಧ್ಯಾಹ್ನ ಊಟಕ್ಕೆ ಕೂತಿದ್ದ ನನಗೆ ಹೊಗೆ ವಾಸನೆ ಬಂತು. ನಾನು ಇನ್ನೊಂದು ಸೌಟು ಸಾರು ಹಾಕಿಸಿಕೊಂಡೆ.

ಎಚ್ಚರಿಸಿದ್ದು ಎಮ್ಮೆ. ಕೊಟ್ಟಿಗೆಯಲ್ಲಿ ಒಂದೇ ಸಮನೆ ಅರಚುತ್ತಿತ್ತು. ಕೈ ತೊಳೆಯದೆ ಹಿತ್ತಲಿಗೆ ಹೋದೆ. ಕಾಯಿ ಶೆಡ್ಡಿನ ಹಿಂದಿನ ಗೋಡೆ ಕಾಣಿಸುತ್ತಿರಲಿಲ್ಲ. ಹೊಗೆ ಬೂದು ಬಣ್ಣದ್ದಲ್ಲ, ಹಳದಿ ಮಿಶ್ರ ದಪ್ಪ ಹೊಗೆ. ಹಂಚಿನ ಸಂದಿಯಿಂದ ಅದು ನಿಧಾನಕ್ಕೆ ಹೊರಗೆ ಬರುತ್ತಿತ್ತು.

ಕಾಯಿ ಶೆಡ್ ಅಂದರೆ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳುತ್ತೇನೆ. ಉಂಡೆ ಕೊಬ್ಬರಿ ಬಿಸಿಲಲ್ಲಿ ಒಣಗಿಸಿ ಮಾಡುವಂಥದ್ದಲ್ಲ. ಬಲಿತ ಕಾಯಿಯನ್ನು ಮಟ್ಟೆ ಸಮೇತ ಅಟ್ಟದ ಮೇಲೆ ಹಾಕಿ ಹತ್ತು ಹನ್ನೊಂದು ತಿಂಗಳು ಬಿಡಬೇಕು. ಒಳಗಿನ ನೀರು ತಾನಾಗಿ ಇಂಗಿ, ಗಿಟುಕು ಚಿಪ್ಪು ಬಿಟ್ಟು, ಅಲ್ಲಾಡಿಸಿದರೆ ಗಡಗಡ ಅನ್ನಬೇಕು. ಅಟ್ಟಕ್ಕೆ ಅಡಿಕೆ ದಬ್ಬೆಗಳನ್ನು ಸಂದು ಬಿಟ್ಟು ಹಾಕಿರುತ್ತೇವೆ, ಗಾಳಿ ಆಡಲಿ ಅಂತ. ಆಮೇಲೆ ನನಗೆ ಅರ್ಥವಾಗಿದ್ದು ಏನೆಂದರೆ, ಬೆಂಕಿಗೆ ಇದಕ್ಕಿಂತ ಒಳ್ಳೆಯ ಒಲೆ ಕಟ್ಟಲು ಸಾಧ್ಯವಿಲ್ಲ. ಕೆಳಗಿನಿಂದ ಗಾಳಿ, ಮೇಲೆ ಒಣಗಿದ ನಾರು, ಒಳಗೆ ಎಣ್ಣೆ.

ಆ ದಿನ ಅಟ್ಟದ ಮೇಲೆ ಸುಮಾರು ಇಪ್ಪತ್ತು ಸಾವಿರ ಕಾಯಿ ಇತ್ತು. ಒಂದು ಮೂಲೆಯಲ್ಲಿ ಒಡೆದ ಕೊಬ್ಬರಿ ನಾಲ್ಕು ಚೀಲ.

ತಮ್ಮ 101ಕ್ಕೆ, ಅಗ್ನಿಶಾಮಕ ಠಾಣೆಗೆ, ಫೋನ್ ಮಾಡಿದ. ಆಗ ನಮ್ಮ ಕಡೆ 112 ಇನ್ನೂ ಬಂದಿರಲಿಲ್ಲ, ಈಗ ಎರಡರಲ್ಲಿ ಯಾವುದಕ್ಕೆ ಮಾಡಿದರೂ ನಡೆಯುತ್ತದೆ. ಇವನು ಗಾಬರಿಯಲ್ಲಿ ಊರ ಹೆಸರು ಹೇಳಿ ಇಟ್ಟುಬಿಟ್ಟ. ನಮ್ಮ ತಾಲ್ಲೂಕಿನಲ್ಲಿ ಅದೇ ಹೆಸರಿನ ಮೂರು ಊರು ಇವೆ, ಒಂದು ಪಾಳ್ಯ, ಒಂದು ಹಟ್ಟಿ, ಒಂದು ಬರೀ ಹೆಸರು. ಪುಣ್ಯಕ್ಕೆ ಠಾಣೆಯವರೇ ತಿರುಗಿ ಫೋನ್ ಮಾಡಿದರು. ಕೇಳಿದ್ದು ಇಷ್ಟು: ಯಾವ ರಸ್ತೆಯಿಂದ ಒಳಗೆ ಬರಬೇಕು? ಏನು ಉರಿಯುತ್ತಿದೆ? ಒಳಗೆ ಮನುಷ್ಯರು, ದನ, ಸಿಲಿಂಡರ್ ಇದೆಯಾ? ಹತ್ತಿರ ನೀರು ಎಲ್ಲಿದೆ? ದೊಡ್ಡ ಗಾಡಿ ಒಳಗೆ ಬರುತ್ತಾ? ಕೊನೆಗೆ, "ರೋಡಲ್ಲಿ ಒಬ್ಬರನ್ನ ನಿಲ್ಲಿಸಿ. ಈ ಫೋನ್ ಆಫ್ ಮಾಡ್ಬೇಡಿ, ಬೇರೆ ಯಾರಿಗೂ ಮಾಡ್ತಾ ಕೂರಬೇಡಿ."

ಠಾಣೆ ನಮ್ಮೂರಿಗೆ ಹದಿನಾಲ್ಕು ಕಿಲೋಮೀಟರ್. ಗಾಡಿ ಬರಲು ಇಪ್ಪತ್ತೈದು ನಿಮಿಷ ಹಿಡಿಯಿತು. ಅಷ್ಟರಲ್ಲಿ ಊರಿನ ಅರ್ಧ ಜನ ನಮ್ಮ ಹಿತ್ತಲಲ್ಲಿದ್ದರು. ಕೊಡ, ಬಕೆಟ್, ಔಷಧಿ ಹೊಡೆಯುವ ಸ್ಪ್ರೇಯರ್, ಏನು ಸಿಕ್ಕರೆ ಅದು. ಎಮ್ಮೆ, ಎರಡು ಹಸು ಬಿಚ್ಚಿ ತೋಟಕ್ಕೆ ಹೊಡೆದಿದ್ದೆವು. ಕಾಯಿ ಒಳಗೆ ಪಟಾಕಿಯಂತೆ ಸಿಡಿಯುತ್ತಿದ್ದವು. ಇನ್ನೂ ನೀರು ಇಂಗದ ಕಾಯಿಗಳೇ ಜಾಸ್ತಿ ಸಿಡಿದವು. ನಮ್ಮ ಬಕೆಟ್ ನೀರು ಬೆಂಕಿವರೆಗೆ ತಲುಪುತ್ತಲೇ ಇರಲಿಲ್ಲ, ಬಿಸಿಗೆ ಹತ್ತಡಿ ಆಚೆಯೇ ನಿಲ್ಲಬೇಕಿತ್ತು.

ಕೆಂಪು ಗಾಡಿ ಬಂದು ನಿಂತಿತು. ಇಳಿದ ಠಾಣಾಧಿಕಾರಿ ಪೈಪ್ ಬಿಡಿಸಿ ಅನ್ನಲಿಲ್ಲ. ಶೆಡ್ಡಿನ ಸುತ್ತ ಒಂದು ಸುತ್ತು ಬಂದರು. ಜನ ಕೂಗಾಡಿದರು, ನೀರು ಬಿಡೋದು ಬಿಟ್ಟು ಪ್ರದಕ್ಷಿಣೆ ಹಾಕ್ತಾ ಇದಾರಲ್ಲ ಅಂತ. ನನಗೂ ಸಿಟ್ಟು ಬಂತು, ಸುಳ್ಳು ಹೇಳಲ್ಲ. ಅವರು ಬಂದು ಮೂರು ಮಾತು ಕೇಳಿದರು: ಒಳಗೆ ಯಾರಾದ್ರೂ ಇದಾರಾ, ಕರೆಂಟ್ ಐತಾ, ಆ ಕಡೆ ಹುಲ್ಲಿನ ಬಣವೆ ನಿಮ್ಮದೇನಾ. ಆಮೇಲೆ ಮೊದಲ ನೀರು ಹೋಗಿದ್ದು ಉರಿಯುತ್ತಿದ್ದ ಶೆಡ್ಡಿಗಲ್ಲ, ಉರಿಯದೆ ಇದ್ದ ಬಣವೆಗೆ, ಕೊಟ್ಟಿಗೆಯ ಸೂರಿಗೆ.

"ಹೋಗಿರೋದು ಹೋಯ್ತು ಯಜಮಾನ್ರೇ. ಗಾಳಿ ಆ ಕಡೆಗೈತೆ, ಬಣವೆ ಹತ್ತಿದ್ರೆ ನಿಮ್ಮ ಮನೆ ಉಳಿಯಲ್ಲ," ಅಂದರು.

ಆಗ ಗಾಳಿ ಯಾವ ಕಡೆಗಿದೆ ಅಂತ ನಾನು ಮೊದಲ ಸಲ ನೋಡಿದೆ.

ಗಾಡಿಯ ಟ್ಯಾಂಕಿನಲ್ಲಿ 4,500 ಲೀಟರ್ ನೀರು. ಕೇಳಲು ಬಹಳ ಅನ್ನಿಸುತ್ತದೆ. ಎರಡು ಬ್ರಾಂಚ್ ಹಾಕಿ ಪೂರ್ತಿ ಬಿಟ್ಟರೆ ಹತ್ತು ನಿಮಿಷವೂ ಬರುವುದಿಲ್ಲ. ಬ್ರಾಂಚ್ ಅಂದರೆ ಪೈಪಿನ ತುದಿಯ ಲೋಹದ ಮೂತಿ. ಅದನ್ನು ಹಿಡಿದಿದ್ದ ಹುಡುಗ ವಿಜಯಪುರ ಜಿಲ್ಲೆಯ ಇಂಡಿ ಕಡೆಯವನು. ಮಂಡಿ ಊರಿ ಕೂತು, ಹಿಂದೆ ಇನ್ನೊಬ್ಬ ಪೈಪಿಗೆ ತೊಡೆ ಕೊಟ್ಟು ನಿಂತಿದ್ದ. ನಾನು ಸಹಾಯಕ್ಕೆ ಅಂತ ಹತ್ತಿರ ಹೋದೆ. "ಹಿಂದಕ್ಕ ಸರೀರಿ ಯಣ್ಣಾ, ಹಂಚ್ ಬೀಳಾಕತ್ತಾವು!" ಅಂತ ಕೂಗಿದ. ಸರಿದು ಒಂದು ಉಸಿರು ಎಳೆಯುವಷ್ಟರಲ್ಲಿ ಸೂರಿನ ತುದಿ ಕುಸಿಯಿತು.

ನೀರು ಮುಗಿಯಿತು. ಹತ್ತಿರದಲ್ಲೇ ನಮ್ಮ ಹಳೇ ಬಾವಿ ಇದೆ. ನಾನು ಅದನ್ನೇ ತೋರಿಸಿದೆ. ಪ್ರಮುಖ ಅಗ್ನಿಶಾಮಕ ಅನ್ನುವ ಹುದ್ದೆಯಲ್ಲಿದ್ದ, ನಿವೃತ್ತಿಗೆ ಹತ್ತಿರವಿದ್ದ ಹಿರಿಯರು ಬಗ್ಗಿ ನೋಡಿ ತಲೆ ಅಲ್ಲಾಡಿಸಿದರು. ನೀರು ನಲವತ್ತು ಅಡಿ ಕೆಳಗಿತ್ತು. ಮೇಲಿನಿಂದ ಎಳೆಯುವ ಪಂಪು ಎಷ್ಟೇ ಜೋರಿದ್ದರೂ ಏಳು ಮೀಟರ್ ದಾಟಿ ಕೆಳಗಿರುವ ನೀರನ್ನು ಎತ್ತುವುದು ಕಷ್ಟವಂತೆ. ಪಂಪು ನೀರನ್ನು ಎಳೆಯುವುದಿಲ್ಲ, ಒಳಗಿನ ಗಾಳಿ ತೆಗೆಯುತ್ತದೆ ಅಷ್ಟೇ. ಹೊರಗಿನ ಗಾಳಿಯ ಒತ್ತಡ ನೀರನ್ನು ಮೇಲಕ್ಕೆ ತಳ್ಳುತ್ತದೆ. ಆ ಒತ್ತಡಕ್ಕೆ ಲೆಕ್ಕದ ಪ್ರಕಾರ ಹತ್ತು ಮೀಟರ್ ತಾಕತ್ತು, ಪೈಪು ಸಂದು ಗಿಂದು ಕಳೆದರೆ ಏಳು. ಶಾಲೆಯಲ್ಲಿ ಓದಿದ್ದೇ ಇರಬೇಕು, ಶೆಡ್ ಉರಿಯುವಾಗ ಅರ್ಥವಾಯಿತು.

ತೋಟದ ಕೃಷಿ ಹೊಂಡ ನಮ್ಮನ್ನು ಕಾಪಾಡಿತು. ಹೊಂಡದ ಹತ್ತಿರಕ್ಕೆ ಗಾಡಿ ಹೋಗುತ್ತಿರಲಿಲ್ಲ, ನಾಲ್ಕು ಜನ ಸಣ್ಣ ಪಂಪನ್ನು ಹೆಣ ಹೊತ್ತ ಹಾಗೆ ಹೊತ್ತುಕೊಂಡು ಹೋದರು. ಸಕ್ಷನ್ ಪೈಪಿನ ತುದಿಗೆ ಜಾಲರಿ ಬುಟ್ಟಿ ಕಟ್ಟಿ ಹೊಂಡಕ್ಕೆ ಬಿಟ್ಟರು. ಆ ಹೊಂಡ ತೆಗೆಸುವಾಗ ಅರ್ಧ ಎಕರೆ ಹಾಳು ಮಾಡಿದೆ ಅಂತ ಅಮ್ಮ ಎರಡು ವರ್ಷ ಬೈದಿದ್ದಳು.

ಜ್ವಾಲೆ ಮುಕ್ಕಾಲು ಗಂಟೆಯಲ್ಲಿ ಆರಿತು. ಬೆಂಕಿ ಆರಿದ್ದು ಸಂಜೆ ಏಳಕ್ಕೆ. ಎರಡೂ ಒಂದೇ ಅಂದುಕೊಂಡಿದ್ದೆ ನಾನು. ಮಟ್ಟೆಯ ರಾಶಿ ಮೇಲೆ ಒದ್ದೆ, ಕಪ್ಪು, ಸತ್ತ ಹಾಗೆ ಕಾಣುತ್ತದೆ. ಸನಿಕೆ ಹಾಕಿ ಒಂದಡಿ ಕೆದಕಿದರೆ ಕೆಂಡ. ನಾರಿನ ಒಳಗೆ ನೀರು ಇಳಿಯುವುದೇ ಇಲ್ಲ. ಪದರ ಪದರ ಕೆದಕಿ, ಹರಡಿ, ನೀರು ಹಾಕಿ, ಮತ್ತೆ ಕೆದಕಬೇಕು. ಆರು ಜನ ಸಿಬ್ಬಂದಿ, ನಮ್ಮ ಊರಿನ ಹತ್ತು ಹುಡುಗರು, ಮೂರು ಗಂಟೆ ಇದೇ ಕೆಲಸ. ಹೋಗುವಾಗ ಹಿರಿಯರು ಹೇಳಿದರು: "ರಾತ್ರಿ ಮಲಗ್ಬೇಡಿ. ಎರಡು ಗಂಟೆ ಹೊತ್ತಿಗೆ ಒಂದು ಸಲ ಹೊಗೆ ಏಳ್ತದೆ, ನೋಡ್ಕೊಳಿ." ಎದ್ದಿತು. ಎರಡೂಕಾಲಿಗೆ. ಸ್ಪ್ರೇಯರ್ ಹಿಡಿದು ಕೂತಿದ್ದರಿಂದ ಬಚಾವಾದೆವು.

ಇನ್ನು ಕಾರಣದ ವಿಷಯ.

ಕತ್ತಲಾಗುವ ಮುಂಚೆ ಠಾಣಾಧಿಕಾರಿ ಟಾರ್ಚ್ ಹಿಡಿದು ಶೆಡ್ಡಿನ ಒಳಗೆ ಹೋದರು. ನಾನೂ ಹಿಂದೆ ಹೋದೆ. ಅವರು ಹೆಚ್ಚು ಸುಟ್ಟ ಜಾಗ ಹುಡುಕುತ್ತಿದ್ದಾರೆ ಅಂದುಕೊಂಡೆ. ಅವರು ನೋಡುತ್ತಿದ್ದದ್ದು ತೀರಾ ಕೆಳಗೆ ಎಲ್ಲಿ ಸುಟ್ಟಿದೆ ಅಂತ. ಬೆಂಕಿ ಮೇಲಕ್ಕೆ ಹೋಗುತ್ತದೆ, ಹೋಗುತ್ತಾ ಅಗಲವಾಗುತ್ತದೆ. ಹಿಂದಿನ ಗೋಡೆಯ ಮೇಲೆ ಮಸಿ ಹೋಗಿ ಇಟ್ಟಿಗೆ ಬೆಳ್ಳಗೆ ಕಾಣುತ್ತಿದ್ದ ಒಂದು ಜಾಗ ಇತ್ತು, ಕೆಳಗೆ ಚೂಪಾಗಿ ಮೇಲೆ ಅಗಲವಾಗಿ, ಬೀಸಣಿಗೆ ಬಿಡಿಸಿಟ್ಟ ಹಾಗೆ. ಅದರ ಪಕ್ಕದ ಮರದ ಕಂಬವನ್ನು ಚಾಕುವಿನಿಂದ ಕೆರೆದರು. ಬೇರೆ ಕಂಬಗಳಲ್ಲಿ ಇದ್ದಲು ಬೆರಳ ಉಗುರಿನಷ್ಟು ದಪ್ಪ, ಇದರಲ್ಲಿ ಎರಡು ಬೆರಳು. ಮೊಸಳೆ ಚರ್ಮದ ಹಾಗೆ ಬಿರುಕು ಬಿಟ್ಟಿತ್ತು. ಗೋಡೆಯ ಬುಡದಲ್ಲಿ ಒಂದು ಕಿಂಡಿ, ಗಾಳಿಗೆ ಅಂತ ಅಪ್ಪ ಬಿಡಿಸಿದ್ದು. ಕಿಂಡಿಯ ಆಚೆ ಮಟ್ಟೆ ರಾಶಿ.

ಹೊರಗೆ ಬಂದು, ಜಗಲಿ ಮೇಲೆ ಸುಮ್ಮನೆ ಕೂತಿದ್ದ ಅಮ್ಮನ ಹತ್ತಿರ ಕುಕ್ಕರುಗಾಲಲ್ಲಿ ಕೂತರು.

"ಬೂದಿ ಎಲ್ಲಿ ಸುರೀತೀರಮ್ಮಾ?"

ಅಮ್ಮ ಕೈ ತೋರಿಸಿದಳು. ಹಂಡೆ ಒಲೆಯ ಬೂದಿ. ನಲವತ್ತು ವರ್ಷದಿಂದ ಅಲ್ಲೇ ಸುರಿದಿದ್ದಾಳೆ, ಮಟ್ಟೆ ರಾಶಿಯ ಪಕ್ಕದ ತಿಪ್ಪೆ ಗುಂಡಿಗೆ. ಆ ವರ್ಷ ಮಟ್ಟೆ ಜಾಸ್ತಿಯಾಗಿ ರಾಶಿ ಗುಂಡಿಯ ಅಂಚಿಗೆ ಬಂದಿತ್ತು. ಬೆಳಿಗ್ಗೆ ಒಲೆಗೆ ಚಿಪ್ಪು ಹಾಕಿದ್ದರಂತೆ. ಚಿಪ್ಪಿನ ಕೆಂಡ ಬೂದಿಯೊಳಗೆ ಗಂಟೆಗಟ್ಟಲೆ ಇರುತ್ತದೆ, ಮುಟ್ಟಿದರೂ ಗೊತ್ತಾಗುವುದಿಲ್ಲ. ಹನ್ನೊಂದಕ್ಕೆ ಗಾಳಿ ಎದ್ದಿತು.

ಅಮ್ಮ ಮೂರು ದಿನ ಸರಿಯಾಗಿ ಊಟ ಮಾಡಲಿಲ್ಲ.

ಮಾರನೆಯ ದಿನದಿಂದ ಸಲಹೆ ಕೊಡುವವರ ಜಾತ್ರೆ. ಸೊಸೈಟಿಯವರು, ಪಕ್ಕದ ತೋಟದವರು, ವಿಮೆ ಪಾಲಿಸಿ ಮಾಡಿಸಿದ್ದ ಏಜೆಂಟ್, ಎಲ್ಲರದ್ದೂ ಒಂದೇ ಮಾತು: "ಶಾರ್ಟ್ ಸರ್ಕ್ಯೂಟ್ ಅಂತ ಬರೆಸ್ಕೊ ಕಣಪ್ಪ. ಬೂದಿ ಗೀದಿ ಅಂದ್ರೆ ನಿಮ್ಮದೇ ತಪ್ಪು ಅಂತ ಒಂದು ಪೈಸೆ ಕೊಡಲ್ಲ." ನನಗೂ ಅದೇ ಸರಿ ಅನ್ನಿಸಿತು. ಇನ್ನೊಂದು ಕಾರಣವೂ ಇತ್ತು. ಸರ್ಕಾರಿ ಕಾಗದದಲ್ಲಿ ಅಮ್ಮನ ಹೆಸರು ಬರುವುದು ಬೇಡವಾಗಿತ್ತು.

ಕಾಗದದ ದಾರಿ ಹೀಗಿತ್ತು. ಮೊದಲು ಪೊಲೀಸ್ ಠಾಣೆಗೆ ಆಕಸ್ಮಿಕ ಬೆಂಕಿ ಅಂತ ದೂರು ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಬೇಕು. ಗ್ರಾಮ ಲೆಕ್ಕಿಗರು ಬಂದು ಪಂಚನಾಮೆ ಮಾಡಬೇಕು. (ಈಗ ಅವರನ್ನು ಗ್ರಾಮ ಆಡಳಿತ ಅಧಿಕಾರಿ ಅನ್ನಬೇಕು, ನನ್ನ ಬಾಯಿಗೆ ಇನ್ನೂ ಬಂದಿಲ್ಲ.) ವಿಮೆ ಕಂಪನಿಗೆ ತಕ್ಷಣ ತಿಳಿಸಬೇಕು. ಆಮೇಲೆ ಬೆಂಕಿಯ ವರದಿ ಕೊಡಿ ಅಂತ ಅಗ್ನಿಶಾಮಕ ಠಾಣೆಗೆ ಅರ್ಜಿ: ದಿನ, ಹೊತ್ತು, ಸರ್ವೆ ನಂಬರ್, ಏನೇನು ಸುಟ್ಟಿತು ಅನ್ನುವ ಪಟ್ಟಿ, ಪಹಣಿ, ಗುರುತಿನ ಚೀಟಿ, ಪಾಲಿಸಿಯ ನಕಲು. ಇದರಲ್ಲಿ ಯಾವುದೂ ಕಷ್ಟದ್ದಲ್ಲ. ಸುಟ್ಟ ಶೆಡ್ಡನ್ನು ಮುಟ್ಟದೆ ಇರುವುದು ಕಷ್ಟದ್ದು. ವಿಮೆ ಕಂಪನಿಯ ಸರ್ವೇಯರ್ ಬಂದು ನಷ್ಟ ನೋಡುವವರೆಗೆ ಒಂದು ಕಾಯಿಯನ್ನೂ ಆಚೆ ಹಾಕುವಂತಿಲ್ಲ. ಪ್ರತಿ ಬೆಳಿಗ್ಗೆ ಎದ್ದು ಅದರ ಮುಖವನ್ನೇ ನೋಡಬೇಕು. ನಿಮಗೆ ಎಂದಾದರೂ ಈ ಪರಿಸ್ಥಿತಿ ಬಂದರೆ ಮೊದಲು ಫೋಟೋ ತೆಗೆಯಿರಿ, ಆಮೇಲೆ ಅಳಿ.

ಅಗ್ನಿಶಾಮಕ ಠಾಣೆ ಪೇಟೆಯಾಚೆ ರಸ್ತೆಯ ಪಕ್ಕದಲ್ಲಿದೆ. ಅಷ್ಟು ವರ್ಷ ಅದರ ಮುಂದೆ ಓಡಾಡಿದ್ದರೂ ಒಳಗೆ ಕಾಲಿಟ್ಟಿರಲಿಲ್ಲ. ಕೆಂಪು ಬಾಗಿಲ ಎರಡು ಗ್ಯಾರೇಜು, ಪಕ್ಕದಲ್ಲಿ ವಾಚ್ ರೂಮು, ಹಿಂದೆ ಸಿಬ್ಬಂದಿಯ ಮನೆಗಳು. ಒಂದು ಎತ್ತರದ ಕಂಬಕ್ಕೆ ಒದ್ದೆ ಪೈಪುಗಳನ್ನು ಸೀರೆ ಒಣಹಾಕಿದ ಹಾಗೆ ನೇತುಹಾಕಿದ್ದರು. ಮಡಿಸಿ ಒದ್ದೆಯಲ್ಲೇ ಇಟ್ಟರೆ ಕೊಳೆಯುತ್ತವೆ, ಮುಂದಿನ ಬೆಂಕಿಯಲ್ಲಿ ಒಡೆಯುತ್ತವೆ. ಗಾಡಿಯ ಪಕ್ಕ ಗಂಬೂಟುಗಳು ಜೋಡಿ ಜೋಡಿ, ಕಾಲು ತೂರಿಸಿ ಓಡುವುದಕ್ಕೆ ತಯಾರಾಗಿ.

ಮೊದಲ ಸಲ ಹೋದಾಗ ನೇರವಾಗಿ ಕೇಳಿಯೇಬಿಟ್ಟೆ.

"ಸಾರ್, ಕಾರಣ ಅಂತ ಇರೋ ಜಾಗದಲ್ಲಿ ಶಾರ್ಟ್ ಸರ್ಕ್ಯೂಟ್ ಅಂತ ಹಾಕೋಕೆ ಆಗುತ್ತಾ?"

ಠಾಣಾಧಿಕಾರಿ ಸಾಹೇಬರು ಬೈಯಲಿಲ್ಲ. ತಲೆ ಎತ್ತಿ, "ಆಗಲಿ ಬಿಡಿ. ಶೆಡ್ಡಲ್ಲಿ ವೈರ್ ಎಲ್ಲಿತ್ತು ಅಂತ ಒಂದು ಸಲ ತೋರಿಸಿ," ಅಂದರು.

ಶೆಡ್ಡಿಗೆ ಕರೆಂಟೇ ಇರಲಿಲ್ಲ.

ಪಕ್ಕದಲ್ಲಿ ಕೂತಿದ್ದ ಹಿರಿಯರು ನಗು ತಡೆಯಲು ಮೀಸೆ ಒರೆಸಿಕೊಂಡರು. ನಾನು ಎದ್ದು ಬಂದೆ.

ಎರಡನೇ ಸಲ ಹೋದಾಗ ಸಾಹೇಬರು ನನ್ನ ವರದಿಯನ್ನೇ ಬರೆಯುತ್ತಿದ್ದರು. "ಸದರಿ ಸ್ಥಳಕ್ಕೆ ತಲುಪಿದಾಗ" ಅನ್ನುವವರೆಗೆ ಬಂದಿತ್ತು. ಗಂಟೆ ಹೊಡೆಯಿತು. ಪೆನ್ನಿನ ಮುಚ್ಚಳ ಹಾಕದೆ ಎದ್ದು ಓಡಿದರು. ಅಡುಗೆ ಮಾಡುತ್ತಿದ್ದ ಇಂಡಿಯ ಹುಡುಗ ಕೈಯಲ್ಲಿ ಹಿಟ್ಟು ಮೆತ್ತಿಕೊಂಡೇ ಗಾಡಿ ಹತ್ತಿದ. ನಾನು ಏನಾಯಿತು ಅಂತ ಕೇಳುವಷ್ಟರಲ್ಲಿ ಗಾಡಿ ಗೇಟು ದಾಟಿತ್ತು. ವಾಚ್ ರೂಮಿನಲ್ಲಿ ಒಬ್ಬರೇ ಉಳಿದಿದ್ದರು, ಕರೆಯ ಹೊತ್ತನ್ನು ಪುಸ್ತಕದಲ್ಲಿ ಬರೆಯುತ್ತಾ. "ಟ್ರ್ಯಾಕ್ಟರ್ ಹುಲ್ಲಿಗೆ ಲೈನ್ ತಗುಲೈತೆ," ಅಂದರು.

ಬೇಸಿಗೆಯಲ್ಲಿ ಅವರಿಗೆ ಇದೇ ಜಾಸ್ತಿ. ಹುಲ್ಲು ಎತ್ತರಕ್ಕೆ ಹೇರಿಕೊಂಡು ಬರುವ ಗಾಡಿ, ಮೇಲೆ ಜೋತುಬಿದ್ದ ತಂತಿ. ಬಣವೆ, ರಸ್ತೆ ಬದಿಯ ಒಣ ಹುಲ್ಲು, ತೋಟದ ಗರಿ. ಮಳೆಗಾಲ ಬಂದರೆ ಕೆರೆಯಲ್ಲಿ ಮುಳುಗಿದವರನ್ನು ಹುಡುಕುವುದು, ರಸ್ತೆಗೆ ಬಿದ್ದ ಮರ ಕಡಿಯುವುದು. ಬಾವಿಗೆ ಬಿದ್ದ ಹಸು ಮಾತ್ರ ವರ್ಷವಿಡೀ. ಹಸುವನ್ನು ಎತ್ತುವುದು ಬೆಂಕಿಗಿಂತ ಕಷ್ಟವಂತೆ. ಹಗ್ಗ ಎದೆಗೆ ಒಂದು, ಹಿಂಗಾಲ ಮುಂದೆ ಒಂದು ಹಾಕಬೇಕು. ಕೆಳಗಿಳಿದವನನ್ನು ಅದು ಒದೆಯುತ್ತದೆ, ಮೇಲೆ ನಿಂತ ಊರವರು ಒಬ್ಬೊಬ್ಬರು ಒಂದೊಂದು ಕಡೆ ಎಳೆಯುತ್ತಾರೆ. ಇನ್ನು ಜಾತ್ರೆ, ತೇರು, ದೀಪಾವಳಿಯ ಪಟಾಕಿ ಮೈದಾನ, ಮಂತ್ರಿಗಳ ಕಾರ್ಯಕ್ರಮ, ಎಲ್ಲದಕ್ಕೂ ಗಾಡಿ ಹೋಗಿ ಒಂದು ಮೂಲೆಯಲ್ಲಿ ನಿಲ್ಲಬೇಕು. ಆ ವರ್ಷ ಲೋಕಸಭೆ ಚುನಾವಣೆ ಬೇರೆ, ನಮ್ಮ ಕ್ಷೇತ್ರದ ಮತದಾನ ಏಪ್ರಿಲ್ 18ಕ್ಕೆ. ನನ್ನ ಕಾಗದ ಅದರ ಆಚೆಗೆ ಹೋಗುವುದು ಖಚಿತವಾಯಿತು.

ಎರಡು ಗಂಟೆಯ ಮೇಲೆ ಅವರು ವಾಪಸ್ ಬಂದರು, ಹುಬ್ಬಿನ ಮೇಲೆಲ್ಲ ಹುಲ್ಲಿನ ಬೂದಿ. ಟ್ರ್ಯಾಕ್ಟರ್ ಓಡಿಸುತ್ತಿದ್ದವನು ಜಾಣ, ಉರಿಯುವ ಟ್ರೇಲರನ್ನು ಊರ ಮನೆಗಳಿಂದ ದೂರ, ಕೆರೆಯಂಗಳಕ್ಕೆ ಒಯ್ದು ಕೊಂಡಿ ಕಳಚಿದ್ದನಂತೆ. ಸಾಹೇಬರು ಮುಖ ತೊಳೆದು, ಕೂತು, "ಸದರಿ ಸ್ಥಳಕ್ಕೆ ತಲುಪಿದಾಗ" ಮುಂದಕ್ಕೆ ಶುರು ಮಾಡಿದರು. ನನಗೆ ನಾಚಿಕೆಯಾಗಿ ನಾಳೆ ಬರ್ತೀನಿ ಸಾರ್ ಅಂದೆ.

ಆ ಹಿರಿಯರ ಜೊತೆ ಟೀ ಕುಡಿಯುವ ಅಭ್ಯಾಸ ಹೀಗೆ ಬೆಳೆಯಿತು. ಅವರು ಹೇಳಿದರು, ನಮ್ಮ ಇಲಾಖೆ ಮೊದಲು ಪೊಲೀಸರ ಒಂದು ಭಾಗ ಆಗಿತ್ತು, 1964ರ ಅಗ್ನಿಶಾಮಕ ಕಾಯ್ದೆ ಬಂದ ಮೇಲೆ ಬೇರೆಯಾಯಿತು ಅಂತ. ಆಗ ಹೆಸರು ಅಗ್ನಿಶಾಮಕ ದಳ. ಈಗ ಅಗ್ನಿಶಾಮಕ ಮತ್ತು ತುರ್ತು ಸೇವೆಗಳು. "ಹೆಸರು ಬದಲಾಗಿದ್ದು ಸರಿಯೇ. ಬೆಂಕಿ ಒಂದೇ ಆಗಿದ್ರೆ ನಾವು ಅರ್ಧ ದಿನ ಮಲಗಿರ್ತಿದ್ವಿ," ಅಂದರು.

ನನ್ನ ಅಪ್ಪ ಹೇಳುತ್ತಿದ್ದ ಒಂದು ಕಥೆ ನೆನಪಾಯಿತು. ನಾನು ಹುಟ್ಟುವ ಮುಂಚೆ ಊರಿನ ಕಣದಲ್ಲಿ ಸಾಲು ಬಣವೆಗೆ ಬೆಂಕಿ ಬಿದ್ದಿತ್ತಂತೆ. ಆಗ ತಾಲ್ಲೂಕಿನಲ್ಲಿ ಠಾಣೆ ಇರಲಿಲ್ಲ, ಗಾಡಿ ಜಿಲ್ಲಾ ಕೇಂದ್ರದಿಂದ ಬರಬೇಕು. ಬಂದಾಗ ಬಣವೆ, ಕಣ, ಎರಡೂ ತಣ್ಣಗಾಗಿತ್ತು. ಬಂದವರಿಗೆ ಊರವರು ಊಟ ಹಾಕಿ ಕಳಿಸಿದರಂತೆ. ಇದನ್ನು ಹೇಳಿದೆ. ಹಿರಿಯರು ನಗದೆ, "ಆ ಊಟ ಗಂಟಲಲ್ಲಿ ಇಳಿದಿರಲ್ಲ ಅವರಿಗೆ," ಅಂದರು.

ಏಪ್ರಿಲ್ 14ರಂದು ಬನ್ನಿ ಅಂತ ಅವರೇ ಕರೆದರು. ಭಾನುವಾರ. ಪೇಟೆಯಲ್ಲಿ ಅಂಬೇಡ್ಕರ್ ಜಯಂತಿಯ ಮೆರವಣಿಗೆ. ಠಾಣೆಯಲ್ಲಿ ಬೇರೆಯೇ ಒಂದು ಕಾರ್ಯಕ್ರಮ, ಹದಿನೈದು ಜನ, ಒಂದು ಹೂವಿನ ಹಾರ, ಎರಡು ನಿಮಿಷ ಮೌನ. 1944ರಲ್ಲಿ ಅದೇ ದಿನ ಬಾಂಬೆಯ ವಿಕ್ಟೋರಿಯಾ ಡಾಕ್‌ನಲ್ಲಿ ಫೋರ್ಟ್ ಸ್ಟಿಕೀನ್ ಅನ್ನುವ ಹಡಗು ಸಿಡಿದು, ಬೆಂಕಿ ಆರಿಸಲು ಹೋಗಿದ್ದ 66 ಅಗ್ನಿಶಾಮಕರು ಸತ್ತರು. ದೇಶದ ಎಲ್ಲ ಠಾಣೆಗಳಲ್ಲೂ ಅವರ ಹೆಸರಲ್ಲಿ ಇದು ನಡೆಯುತ್ತದೆ, 20ರವರೆಗೆ ಸಪ್ತಾಹ. ಹಡಗಿನಲ್ಲಿ ಸ್ಫೋಟಕ ಇತ್ತು ಅಂತ ಕೇಳಿದ್ದೆ. ಸ್ಫೋಟಕದ ಜೊತೆ ಹತ್ತಿಯ ಬೇಲುಗಳೂ ಇದ್ದವು, ಹೊಗೆ ಮೊದಲು ಕಂಡಿದ್ದು ಅಲ್ಲೇ ಅಂತ ಗೊತ್ತಿರಲಿಲ್ಲ. ಗಂಟೆಗಟ್ಟಲೆ ನೀರು ಹಾಕಿದರಂತೆ, ಟನ್‌ಗಟ್ಟಲೆ. ಹೊಗೆ ಬರುತ್ತಲೇ ಇತ್ತು, ಬೆಂಕಿ ಎಲ್ಲಿದೆ ಅಂತ ಸಿಗಲಿಲ್ಲ. ಸಂಜೆ ನಾಲ್ಕು ದಾಟುತ್ತಿದ್ದ ಹಾಗೆ ಸಿಡಿಯಿತು.

"ನಿಮ್ಮ ಮಟ್ಟೆ ಇದೆಯಲ್ಲ, ಅದೇ ಜಾತಿ," ಅಂದರು ಹಿರಿಯರು. "ಮೇಲೆ ಒದ್ದೆ, ಒಳಗೆ ಕೆಂಡ."

ವರದಿ ಸಿಕ್ಕಿದ್ದು ಏಪ್ರಿಲ್ ಕೊನೆಗೆ. ಬೆಂಕಿ ಆರಿಸಿದ್ದಕ್ಕೆ ನನ್ನಿಂದ ಯಾರೂ ಒಂದು ಪೈಸೆ ಕೇಳಲಿಲ್ಲ, ಗಾಡಿಗೂ ಇಲ್ಲ, ನೀರಿಗೂ ಇಲ್ಲ. ಮನೆಗೆ ತಂದು ಕಾರಣದ ಸಾಲನ್ನು ಓದಿಕೊಂಡೆ: "ಮನೆಯವರು ಸುರಿದ ಒಲೆಯ ಬೂದಿಯಲ್ಲಿದ್ದ ಕೆಂಡ ಗಾಳಿಗೆ ಹಾರಿ, ಪಕ್ಕದ ತೆಂಗಿನ ಮಟ್ಟೆಗೆ ತಗುಲಿ." ಮುಗೀತು, ದುಡ್ಡು ಬರಲ್ಲ ಅಂದುಕೊಂಡು ಕಬೋರ್ಡಿಗೆ ಹಾಕಿದೆ.

ಸರ್ವೇಯರ್ ಬೆಂಕಿಯ ಮೂರನೇ ದಿನವೇ ಬಂದು ಹೋಗಿದ್ದರು. ಒಳ್ಳೆಯ ಮನುಷ್ಯ, ಆದರೆ ಕಣ್ಣು ಎಲ್ಲ ಕಡೆ. ಮೂಲೆಯಲ್ಲಿ ಅರ್ಧ ಸುಟ್ಟ ಕೊಬ್ಬರಿ ಚೀಲಗಳ ಮುಂದೆ ಬಹಳ ಹೊತ್ತು ನಿಂತಿದ್ದರು. ಮೇ ತಿಂಗಳಲ್ಲಿ ಕಂಪನಿಯಿಂದ ಪತ್ರ ಬಂತು, ಬೆಂಕಿ ಕೊಬ್ಬರಿಯಿಂದಲೇ ಶುರುವಾಗಿರಬಹುದೇ ಅಂತ ವಿವರಣೆ ಕೇಳಿ.

ನನಗೆ ನಗು ಬಂತು. ಕೊಬ್ಬರಿ ತಾನಾಗಿ ಉರಿಯುತ್ತದಾ? ಠಾಣೆಗೆ ಹೋಗಿ ಹಿರಿಯರಿಗೆ ತೋರಿಸಿದೆ. ಅವರು ನಗಲಿಲ್ಲ. ಉರಿಯುತ್ತದೆ. ಸರಿಯಾಗಿ ಒಣಗದ ಕೊಬ್ಬರಿಯನ್ನು ಒತ್ತಾಗಿ ಪೇರಿಸಿಟ್ಟರೆ ಬೂಷ್ಟು ಹಿಡಿದು ಕಾವು ಹುಟ್ಟುತ್ತದೆ. ಎಣ್ಣೆ ಗಾಳಿಯ ಜೊತೆ ಸೇರಿ ಕಾವು ಇನ್ನೂ ಏರುತ್ತದೆ. ಆ ಕಾವು ಹೊರಗೆ ಹೋಗಲು ದಾರಿ ಇಲ್ಲದಿದ್ದರೆ ಒಂದು ದಿನ ಹೊತ್ತಿಕೊಳ್ಳುತ್ತದೆ. ಹಡಗಿನಲ್ಲಿ ಸಾಗಿಸುವ ಅಪಾಯದ ಸರಕುಗಳ ಪಟ್ಟಿಯಲ್ಲಿ ಕೊಬ್ಬರಿಗೆ ಒಂದು ನಂಬರೇ ಇದೆ, ಯುಎನ್ 1363, ತಾನಾಗಿ ಹೊತ್ತಿಕೊಳ್ಳುವ ವಸ್ತುಗಳ ಸಾಲಿನಲ್ಲಿ. ತಲೆಮಾರಿನಿಂದ ಕೊಬ್ಬರಿ ಮಾಡುವ ಮನೆಯವನು ನಾನು, ಇದು ಗೊತ್ತಿರಲಿಲ್ಲ.

ಮನೆಗೆ ಬಂದು ಪಾಲಿಸಿಯನ್ನು ಮೊದಲ ಸಲ ಪೂರ್ತಿ ಓದಿದೆ. ಬ್ಯಾಂಕ್ ಸಾಲದ ಜೊತೆಗೆ ಬಂದಿದ್ದ, ಆಗಿನ ಸ್ಟ್ಯಾಂಡರ್ಡ್ ಬೆಂಕಿ ಪಾಲಿಸಿ. ಸಣ್ಣ ಅಕ್ಷರದಲ್ಲಿ ಇತ್ತು: ಸರಕು ತನ್ನಷ್ಟಕ್ಕೆ ಹುದುಗಿ, ತಾನೇ ಕಾವೆದ್ದು, ತಾನಾಗಿ ಹೊತ್ತಿಕೊಂಡು ಹಾಳಾದರೆ ಪರಿಹಾರ ಇಲ್ಲ. ಅಜಾಗರೂಕತೆಗೆ ಪರಿಹಾರ ಇಲ್ಲ ಅಂತ ಹುಡುಕಿದೆ. ಎಲ್ಲೂ ಇರಲಿಲ್ಲ. ಬೇಕೆಂದೇ ಹಚ್ಚಿದರೆ ಇಲ್ಲ, ಅಷ್ಟೇ. ಗೊತ್ತಿಲ್ಲದೆ ಬೂದಿ ಸುರಿಯುವವರಿಗೇ ಅಲ್ವಾ ವಿಮೆ ಇರುವುದು!

ಕಬೋರ್ಡಿನಿಂದ ವರದಿ ತೆಗೆದೆ. ಹಿಂದಿನ ಗೋಡೆಯ ಬುಡ, ಕಿಂಡಿ, ಕಂಬದ ಇದ್ದಲಿನ ದಪ್ಪ, ಕೊಬ್ಬರಿ ಚೀಲ ಇದ್ದ ಮೂಲೆ ಅದಕ್ಕೆ ಎದುರು ದಿಕ್ಕು, ಎಲ್ಲವನ್ನೂ ಸಾಹೇಬರು ಬರೆದಿದ್ದರು. ಚೀಲಗಳು ಮೇಲಿನಿಂದ ಸುಟ್ಟಿವೆ, ತಳ ಹಾಗೇ ಇದೆ ಅಂತಲೂ. ಅದನ್ನೇ ಲಗತ್ತಿಸಿ ಕಳಿಸಿದೆ. ಶಾರ್ಟ್ ಸರ್ಕ್ಯೂಟ್ ಅಂತ ಬರೆಸಿಕೊಂಡು, ಕರೆಂಟ್ ಇಲ್ಲದ ಶೆಡ್ಡಿನ ಫೋಟೋ ಜೊತೆಗೆ ಕಳಿಸಿದ್ದರೆ ಏನಾಗುತ್ತಿತ್ತು ಅಂತ ಯೋಚಿಸಿದರೆ ಈಗಲೂ ಬೆವರು ಬರುತ್ತದೆ.

ದುಡ್ಡು ಬಂತು. ಪೂರ್ತಿ ಅಲ್ಲ. ಇಲ್ಲಿ ನನ್ನ ಇನ್ನೊಂದು ದಡ್ಡತನ ಹೇಳಬೇಕು. ಶೆಡ್ಡಿನಲ್ಲಿದ್ದ ಮಾಲು 4 ಲಕ್ಷದ್ದು. ಪ್ರೀಮಿಯಂ ಕಡಿಮೆ ಬರಲಿ ಅಂತ ನಾನು ಬರೆಸಿದ್ದು 2.5 ಲಕ್ಷಕ್ಕೆ. ನಷ್ಟ ಹೇಗೂ ಅದಕ್ಕಿಂತ ಕಡಿಮೆ, 1.6 ಲಕ್ಷ, ಅಷ್ಟೂ ಬರುತ್ತದೆ ಅಂದುಕೊಂಡಿದ್ದೆ. ಹಾಗಲ್ಲ. ಮಾಲಿನ ಬೆಲೆಯಲ್ಲಿ ಎಷ್ಟು ಭಾಗಕ್ಕೆ ವಿಮೆ ಇದೆಯೋ ನಷ್ಟದಲ್ಲೂ ಅಷ್ಟೇ ಭಾಗ. 4ರಲ್ಲಿ 2.5, ಅಂದರೆ 1.6 ಲಕ್ಷಕ್ಕೆ 1 ಲಕ್ಷ. ಅದರಲ್ಲಿ ಮೊದಲ 10 ಸಾವಿರ ನಮ್ಮದೇ ಹೊಣೆ. ಕೈಗೆ 90 ಸಾವಿರ. ಕರಕಲು ಕಾಯಿಯನ್ನು ಚಿಪ್ಪಿನ ಇದ್ದಲು ಮಾಡುವವರು ಒಯ್ದರು, ಅದನ್ನೂ ಮೊದಲೇ ನಷ್ಟದಲ್ಲಿ ಕಳೆದಿದ್ದರು.

ಶೆಡ್ಡನ್ನು ಮತ್ತೆ ಕಟ್ಟಿಸಿದೆ. ಮಟ್ಟೆ ರಾಶಿ ಈಗ ತೋಟದ ಆ ತುದಿಯಲ್ಲಿದೆ. ಒಲೆಯ ಪಕ್ಕ ಒಂದು ಹಳೇ ಎಣ್ಣೆ ಡಬ್ಬ ಇದೆ. ಬೂದಿಯನ್ನು ಅದಕ್ಕೆ ಹಾಕಿ, ಒಂದು ಚೊಂಬು ನೀರು ಹೊಯ್ದು, ಮಾರನೆಯ ದಿನ ತೆಂಗಿನ ಬುಡಕ್ಕೆ. ಅಮ್ಮ ಇದನ್ನು ಯಾರಿಗೂ ಬಿಟ್ಟುಕೊಡುವುದಿಲ್ಲ.

ಚೆಕ್ ಬಂದ ದಿನ ಅವಳು ಕೇಳಿದಳು, ಅಷ್ಟು ದಿನ ಕೇಳದೆ ಇಟ್ಟುಕೊಂಡಿದ್ದ ಮಾತು.

"ಆ ಕಾಗದದಾಗೆ ನನ್ನ ಹೆಸರು ಬರೆದವ್ರೇನೋ?"

ಓದಿ ಹೇಳಿದೆ. "ಮನೆಯವರು ಸುರಿದ ಒಲೆಯ ಬೂದಿ ಅಂತ ಐತೆ ಕಣಮ್ಮ, ಅಷ್ಟೇ."

ಅಮ್ಮ ಸ್ವಲ್ಪ ಹೊತ್ತು ಯೋಚಿಸಿದಳು.

"ಮನೆಯವ್ರು ಅಂದ್ರೆ ನೀನೂ ಬಂದಂಗಾಯ್ತಲ್ಲ," ಅಂದು, ಡಬ್ಬ ಎತ್ತಿಕೊಂಡು ತೋಟಕ್ಕೆ ಹೋದಳು.